ಗುಣಿಸಿದರೆ ಆಯ್ತಲ್ವಾ?

"ಒಂದು ಕರೆನ್ಸಿಯಿಂದ ಇನ್ನೊಂದಕ್ಕೆ ಹಣ ಬದಲಿಸೋ ಕೋಡ್ ಬೇಕು, ಯಾವಾಗ ಮುಗಿಸ್ತೀರಿ?" ಎಂದು ಟೀಮ್ ಲೀಡ್ ಕೇಳಿದರು. ಮೊತ್ತವನ್ನು ದರದಿಂದ ಗುಣಿಸಿದರೆ ಆಯ್ತಲ್ವಾ? "ಊಟದ ಹೊತ್ತಿಗೆ ಕೊಡ್ತೀನಿ ಮೇಡಂ" ಅಂದುಬಿಟ್ಟೆ. ಯಾವ ದಿನದ ಊಟ ಅಂತ ಹೇಳದೇ ಇದ್ದದ್ದು ನನ್ನ ಪುಣ್ಯ.

ಬರೆದದ್ದು ಒಂದೇ ಸಾಲು. ಸುಮ್ನೆ ನೋಡೋಣ ಅಂತ 0.1ಕ್ಕೆ 0.2 ಕೂಡಿಸಿದೆ. ಬಂದ ಉತ್ತರ 0.30000000000000004. ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆ. 3 ಮತ್ತು 4ರ ನಡುವೆ ಹದಿನೈದು ಸೊನ್ನೆ! ಮೂರನೇ ಒಂದು ಭಾಗವನ್ನು ನಾವು 0.333 ಅಂತ ಬರೆಯುತ್ತಾ ಹೋದರೆ ಹೇಗೆ ಮುಗಿಯುವುದಿಲ್ಲವೋ, ಬರೀ ಸೊನ್ನೆ-ಒಂದರಲ್ಲಿ ಲೆಕ್ಕ ಹಾಕುವ ಕಂಪ್ಯೂಟರಿಗೆ 0.1 ಕೂಡ ಹಾಗೇ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಿ ಕೈ ತೊಳೆದುಕೊಳ್ಳುತ್ತದೆ.

ದಶಾಂಶದ ಸಹವಾಸವೇ ಬೇಡ ಎಂದು ಎಲ್ಲ ಮೊತ್ತವನ್ನೂ ನೂರರಿಂದ ಗುಣಿಸಿ ಪೂರ್ಣಾಂಕ ಮಾಡಿಟ್ಟೆ. ಡಾಲರ್ ಹೋಗಿ ಸೆಂಟ್ ಆಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಟೆಸ್ಟಿಂಗ್ ಹುಡುಗಿ ಬಂದಳು. "ಸರ್, 5,000 ಯೆನ್ ಬಿಲ್ಲಿಗೆ 5,00,000 ಯೆನ್ ಕಟ್ ಆಗ್ತಿದೆ."

ಯೆನ್‌ಗೆ ಈಗ ಪೈಸೆಯಂಥ ಚಿಲ್ಲರೆ ಅನ್ನೋದೇ ಇಲ್ಲ. ಯಾವ ಕರೆನ್ಸಿಗೆ ಎಷ್ಟು ದಶಾಂಶ ಸ್ಥಾನ ಅಂತ ಐಎಸ್‌ಒ 4217 ಅನ್ನೋ ಅಂತರರಾಷ್ಟ್ರೀಯ ಕರೆನ್ಸಿ ಪಟ್ಟಿಯಲ್ಲಿದೆ. ನಾನು ಅದರಿಂದ ಮೂರಕ್ಷರದ ಹೆಸರುಗಳನ್ನು ಮಾತ್ರ ಎತ್ತಿಕೊಂಡು, ಪಕ್ಕದ ಕಾಲಂ ನೋಡಿರಲೇ ಇಲ್ಲ! ಕುವೈತ್ ದಿನಾರ್‌ಗೆ ಮೂರು ಸ್ಥಾನ, 1,000 ಫಿಲ್ಸ್ ಸೇರಿದರೆ ಒಂದು ದಿನಾರ್. ನನ್ನ ಕೋಡ್ 1.250 ದಿನಾರನ್ನು 125 ಅಂತ ಕಳಿಸಿ 0.125 ಮಾಡಿತ್ತು. ಜಪಾನಿನವರನ್ನು ನೂರು ಪಟ್ಟು ಸುಲಿದು ಕುವೈತಿನವರಿಗೆ ದಾನ ಮಾಡುತ್ತಿದ್ದೆ. ಎಲ್ಲ ಟೆಸ್ಟ್ ದುಡ್ಡು, ಬದುಕಿದೆ.

ಇನ್ನು ರೌಂಡ್ ಮಾಡುವ ಗೋಳು ಬೇರೆ. ಅರ್ಧ ಬಂದರೆ ಮೇಲಕ್ಕೆ ಅಂತ ಶಾಲೆಯಲ್ಲಿ ಕಲಿತವನು ನಾನು. ನಾನು ಕೋಡ್ ಬರೆಯೋ ಭಾಷೆ ಪೈಥಾನ್ 3ರಲ್ಲಿ ರೌಂಡ್ ಮಾಡಲು 3.5 ಕೊಟ್ಟರೆ 4, ಆದರೆ 2.5 ಕೊಟ್ಟರೆ 2. ಸಮಸಂಖ್ಯೆ ಕಡೆಗೇ ಅದರ ಒಲವು. ನಾನು ಶಾಲೆಯ ಪಾಠಕ್ಕೇ ಅಂಟಿಕೊಂಡೆ.

ಹೋದ ಹಣ ವಾಪಸ್ ಬಂದರೆ ಅಷ್ಟೇ ಇರುತ್ತಾ? ಅದನ್ನೂ ನೋಡಬೇಕಿತ್ತು. ದಿನಾ ಬದಲಾಗುವ ದರ ಇಟ್ಟುಕೊಂಡು ಟೆಸ್ಟ್ ಬರೆಯೋದು ತಲೆನೋವು. ಹಾಗಾಗಿ 1999ರಲ್ಲಿ ಯೂರೋ ಬಂದಾಗ ಕಾಯಂ ಆದ ಜರ್ಮನ್ ಮಾರ್ಕ್ ದರ ಹಿಡಿದೆ. ಒಂದು ಯೂರೋಗೆ 1.95583 ಮಾರ್ಕ್. ಒಂದೇ ಒಂದು ಫೆನಿಗ್, ಅಂದರೆ ಮಾರ್ಕ್‌ನ ನೂರನೇ ಒಂದು ಭಾಗ, ಕಳಿಸಿದೆ. ಅದು ಯೂರೋ ಲೆಕ್ಕದಲ್ಲಿ ಅರ್ಧ ಸೆಂಟ್‌ಗಿಂತ ಕೂದಲೆಳೆಯಷ್ಟು ಜಾಸ್ತಿ, ರೌಂಡ್ ಆಗಿ ಒಂದು ಸೆಂಟ್ ಆಯಿತು. ಆ ಸೆಂಟನ್ನು ವಾಪಸ್ ಮಾರ್ಕ್‌ಗೆ ತಂದರೆ 1.96 ಫೆನಿಗ್, ಅಂದರೆ ಎರಡು.

ಒಂದು ಹೋಗಿ ಎರಡಾಗಿ ಬಂತು! ಆ ಎರಡನ್ನು ಬಿಡಿಬಿಡಿಯಾಗಿ ಮತ್ತೆ ಕಳಿಸಿದೆ. ನಾಲ್ಕು. ಎಂಟು. ಹದಿನಾರು. ಖುಷಿಯಲ್ಲಿ ಮೈಮರೆತಿದ್ದಾಗ ಬೆನ್ನ ಹಿಂದಿನಿಂದ ಟೀಮ್ ಲೀಡ್ ದನಿ ಕೇಳಿತು.

"ಆ ಹದಿನೈದು ಫೆನಿಗ್ ಯಾರ ಜೇಬಿಂದ ಬಂತು?"

"ಊಟದ ಹೊತ್ತಿಗೆ ಹೇಳ್ತೀನಿ ಮೇಡಂ."