ಏರ್‌ಪೋರ್ಟ್ ರೈಲು ಯಾರಿಗೆ ಬೇಕು?

ಏರ್‌ಪೋರ್ಟ್‌ಗೆ ರೈಲು ಯಾವಾಗ ಎಂದು ಬೆಂಗಳೂರಿನವರು ಕೇಳುತ್ತಲೇ ಇರುತ್ತಾರೆ. ತಮಾಷೆ ಏನೆಂದರೆ, ಏರ್‌ಪೋರ್ಟ್ ಬರುವ ಎಷ್ಟೋ ಮೊದಲೇ ಅಲ್ಲಿ ಹಳಿ ಇತ್ತು. ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ. ಮೈಸೂರು ಸಂಸ್ಥಾನದ ಕಾಲದಲ್ಲಿ ಇಲ್ಲಿ ಓಡುತ್ತಿದ್ದದ್ದು ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು. ಈಗಿನ ಅಗಲ ಹಳಿ, ಅಂದರೆ ಬ್ರಾಡ್‌ಗೇಜ್, ಆಮೇಲೆ ಬಂತು. ಚಿಕ್ಕಬಳ್ಳಾಪುರ-ಕೋಲಾರ ಭಾಗವಂತೂ 2013ರವರೆಗೆ ಕಾಯಬೇಕಾಯಿತು. ನಂದಿ ಹಾಲ್ಟ್‌ನ ಹಳೇ ಕಟ್ಟಡವನ್ನು ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆ ಚೆನ್ನಾಗಿ ದುರಸ್ತಿ ಮಾಡಿದೆ. ಬೆಟ್ಟಕ್ಕೆ ಹೋಗುವವರು ಒಮ್ಮೆ ಇಳಿದು ನೋಡಿ.

ಏರ್‌ಪೋರ್ಟ್ ಶುರುವಾಗಿದ್ದು 2008ರ ಮೇನಲ್ಲಿ. ಅದರ ಹೆಸರಿನ ಹಾಲ್ಟ್‌ಗೆ, ಅಂದರೆ ಪುಟ್ಟ ನಿಲ್ದಾಣಕ್ಕೆ, ಮೊದಲ ರೈಲು ಬಂದದ್ದು 2021ರ ಜನವರಿಯಲ್ಲಿ. ಪಕ್ಕದಲ್ಲೇ ಹಳಿ ಇದ್ದರೂ ಅಷ್ಟು ವರ್ಷ ಬೇಕಾಯಿತು! ಟಿಕೆಟ್ ದರ ಟ್ಯಾಕ್ಸಿ ಬಾಡಿಗೆಯ ಮುಂದೆ ಏನೇನೂ ಅಲ್ಲ. ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳು. ಇಳಿದ ಮೇಲೂ ಟರ್ಮಿನಲ್‌ಗೆ ಬಸ್ ಹಿಡಿಯಬೇಕು. ವಿಮಾನ ತಡವಾದರೆ ರೈಲು ಹೋಯಿತು, ಮುಂದಿನದು ಯಾವಾಗಲೋ. ಅಧಿಕಾರಿಗಳನ್ನು ಸುಮ್ನೆ ಬೈದರೆ ಆಗಲ್ಲ, ನಿಜವಾದ ಕಷ್ಟವೂ ಇದೆ. ಒಂಟಿ ಹಳಿಯಲ್ಲಿ ಎದುರಿನ ರೈಲು ದಾಟಿ ಹೋಗುವವರೆಗೆ ಪಕ್ಕಕ್ಕೆ ಸರಿದು ನಿಲ್ಲಲು ಇನ್ನೊಂದು ಹಳಿ ಇರುವ ನಿಲ್ದಾಣದಲ್ಲಿ ಕಾಯಲೇಬೇಕು. ಹಾಲ್ಟ್‌ನಲ್ಲಿ ಆ ಸೌಕರ್ಯ ಇರುವುದಿಲ್ಲ. ಹೀಗಾಗಿ ರೈಲುಗಳನ್ನು ಹೆಚ್ಚಿಸಿ ಎಂದು ಕೇಳುವುದು ಸುಲಭ, ಓಡಿಸುವುದು ಕಷ್ಟ.

ಆದರೂ ನನ್ನ ತಕರಾರು ಬೇರೆ. ಈ ರೈಲಿನ ಮಾತು ಬಂದಾಗಲೆಲ್ಲ ನಾವು ಸೂಟ್‌ಕೇಸ್ ಎಳೆಯುವವರನ್ನೇ ನೆನೆಯುತ್ತೇವೆ. ವಿಮಾನ ಹತ್ತುವವರು ವರ್ಷಕ್ಕೆ ನಾಲ್ಕು ಸಲ ಹೋದಾರು. ಲಗೇಜ್ ಹೊರುವವರು, ಕ್ಲೀನಿಂಗ್‌ನವರು, ಸೆಕ್ಯುರಿಟಿ, ಅಂಗಡಿಗಳ ಹುಡುಗ ಹುಡುಗಿಯರು ದಿನಾ ಹೋಗುತ್ತಾರೆ, ಅದೂ ಶಿಫ್ಟ್‌ನಲ್ಲಿ. ಉಪನಗರ ರೈಲು ಎಂದರೆ ಇವರದ್ದೇ ಅಲ್ವಾ? ಬೆಳಗಿನ ಜಾವದ ಶಿಫ್ಟ್‌ಗೂ ರಾತ್ರಿ ಮುಗಿಸುವವರಿಗೂ ರೈಲು ಸಿಗದಿದ್ದರೆ ಪ್ಲಾಟ್‌ಫಾರ್ಮ್ ಎಷ್ಟು ಚೆಂದ ಇದ್ದು ಏನು ಪ್ರಯೋಜನ?

ಈಗ ಕೆ-ರೈಡ್ ಎಂಬ ಸರ್ಕಾರಿ ರೈಲು ಕಂಪನಿಯ ಉಪನಗರ ರೈಲು ಯೋಜನೆ ಇದೆ. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗಗಳು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೆಸರುಗಳು ಚೆನ್ನಾಗಿವೆ ಬಿಡಿ. ಕೇಂದ್ರ ಸಂಪುಟ 2020ರಲ್ಲಿ ಒಪ್ಪಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಮೆಜೆಸ್ಟಿಕ್‌ನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಹೋಗುವ ಸಂಪಿಗೆ ಮಾರ್ಗ ಸುಮಾರು 41 ಕಿಲೋಮೀಟರ್. ಅದು ಆಗುವವರೆಗೆ ಈಗಿರುವ ಹಳಿಯಲ್ಲೇ ಶಿಫ್ಟ್ ಬದಲಾಗುವ ಹೊತ್ತಿಗೆ ಒಂದೆರಡು ಮೆಮು, ಅಂದರೆ ಕರೆಂಟಿನ ಲೋಕಲ್ ರೈಲು, ಓಡಿಸಲಿ. ಇಳಿದವರಿಗೆ ಬಸ್ಸು ಕಾದು ನಿಂತಿರಲಿ.