ಸರ್ವರ್ ನಿಲ್ಲಬಾರದು, ಸಂಪು ಖಾಲಿಯಾದರೆ ಪರವಾಗಿಲ್ಲ

ನಮ್ಮ ಅಕ್ಕನ ಮಗ ಬೆಳ್ಳಂದೂರಿನ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಸಮುದ್ರದಾಚೆಯ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ. ಅಲ್ಲಿ ಯಾರೋ ಎಟಿಎಂಗೆ ಕಾರ್ಡು ಹಾಕಿ ದುಡ್ಡು ಎರಡು ಸೆಕೆಂಡ್ ತಡವಾದರೆ ಇಲ್ಲಿ ಇವನ ಫೋನು ಬಡಿದುಕೊಳ್ಳುತ್ತದೆ, ರಾತ್ರಿ ಎರಡಾದರೂ ಸರಿ. ನಾನು ಹೋಗಿದ್ದ ದಿನವೂ ಹಾಗೇ ಆಯಿತು. ಲ್ಯಾಪ್‌ಟಾಪ್ ಮುಂದೆ ಕೂತು ಅದೇನೇನೋ ಕುಟ್ಟಿ, ಅಲ್ಲಿಯ ಜನಕ್ಕೆ ದುಡ್ಡು ಬರುವ ಹಾಗೆ ಮಾಡಿ, ಮುಖ ತೊಳೆಯೋಣ ಅಂತ ಎದ್ದು ನಲ್ಲಿ ತಿರುಗಿಸಿದ. ಗೊರ್ ಅಂತ ಗಾಳಿ ಬಂತು.

ಈ ವರ್ಷ ಅಸೋಸಿಯೇಷನ್ ಸೆಕ್ರೆಟರಿ ಬೇರೆ ಇವನೇ. ಟ್ಯಾಂಕರಿನವರಿಗೆ ಫೋನು ಹಚ್ಚಿದ.

"ಅಣ್ಣಾ, ಸಂಜೇನೇ ಬರ್ತೀನಿ ಅಂದಿದ್ರಲ್ಲ?"

"ಬಂದೆ ಸಾರ್, ದಾರೀಲಿದೀನಿ."

ಹಿಂದೆ ಫ್ಯಾನ್ ತಿರುಗುವ ಸದ್ದು ಚೆನ್ನಾಗಿ ಕೇಳುತ್ತಿತ್ತು. ಹುಡುಗ ತುಟಿ ಬಿಚ್ಚಲಿಲ್ಲ. ಅಮೆರಿಕದ ಮ್ಯಾನೇಜರ್ ಜೊತೆ ಜಗಳ ಆಡಬಹುದು, ಟ್ಯಾಂಕರ್ ಅಣ್ಣನ ಜೊತೆ ಆಗಲ್ಲ. ಮುನಿಸಿಕೊಂಡರೆ ಲೋಡು ಸೀದಾ ಪಕ್ಕದ ಅಪಾರ್ಟ್‌ಮೆಂಟಿಗೆ.

ಬೆಂಗಳೂರು ಇಲ್ಲದಿದ್ದರೆ ಜಗತ್ತೇ ನಿಂತುಹೋಗುತ್ತದೆ ಅಂತ ವೇದಿಕೆ ಮೇಲೆ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅನ್ನೋ ಅಮೆರಿಕದ ಚಿಪ್ ಕಂಪನಿ ಬಂದಿದ್ದೇ ಬಂದಿದ್ದು, ಹಿಂದೆಯೇ ದೊಡ್ಡ ಸಾಲು ನಿಂತಿತು. ಅದಕ್ಕೂ ಮೊದಲು, 1981ರಲ್ಲಿ, ಆ್ಯಪಲ್ ಅನ್ನೋ ಉಪಗ್ರಹವನ್ನು ಇಸ್ರೋದವರು ಎತ್ತಿನ ಗಾಡಿ ಮೇಲೆ ಕೂರಿಸಿದ್ದರು. ಆ ಫೋಟೋ ನೋಡಿ ನಕ್ಕವರು ಜಾಸ್ತಿ. ಆದರೆ ಅದಕ್ಕೊಂದು ಕಾರಣ ಇತ್ತು: ಆಂಟೆನಾ ಪರೀಕ್ಷೆಗೆ ಲೋಹದ ಗಾಡಿ ಅಡ್ಡಿ, ಮರದ ಗಾಡಿಯೇ ಬೇಕು. 2022ರ ಸೆಪ್ಟೆಂಬರಿನಲ್ಲಿ ದೊಡ್ಡ ದೊಡ್ಡ ಕಂಪನಿಗಳವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅದಕ್ಕೂ ಕಾರಣ ಇತ್ತು ಬಿಡಿ. ಕಾರು ತೇಲುತ್ತಿತ್ತು.

ಆ ಮಳೆಯಲ್ಲೇ ಔಟರ್ ರಿಂಗ್ ರೋಡಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಆಗಸ್ಟ್ 30ರಂದು ನೌಕರರು ಐದು ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಿಂದ 225 ಕೋಟಿ ರೂಪಾಯಿ ನಷ್ಟ ಅಂತ. ಎಷ್ಟು ಅಚ್ಚುಕಟ್ಟಾದ ಲೆಕ್ಕ! ಅದೇ ನೀರಿನಲ್ಲಿ ಸೀರೆ ಮೊಣಕಾಲಿಗೆ ಎತ್ತಿಕೊಂಡು ಮನೆಗೆಲಸಕ್ಕೆ ಹೊರಟು ಅರ್ಧ ದಾರಿಯಿಂದ ವಾಪಸ್ ಹೋದ ಹೆಂಗಸರ ಲೆಕ್ಕ ಯಾವ ಪತ್ರದಲ್ಲೂ ಬರಲಿಲ್ಲ. ಅದು ತಿಂಗಳ ಕೊನೆಗೆ ಮನೆಯೊಡತಿಯ ಡೈರಿಯಲ್ಲಿ ಬಂದಿರಬೇಕು, 'ಎರಡು ದಿನ ರಜಾ' ಅಂತ.

ಅದೇ ವರ್ಷ, ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಪಟ್ಟಿಯಲ್ಲಿ ನಗರದೊಳಗೆ 10 ಕಿ.ಮೀ. ಹೋಗೋಕೆ ನಮಗೆ 29 ನಿಮಿಷ 10 ಸೆಕೆಂಡು, ಜಗತ್ತಿಗೇ ಎರಡನೇ ಸ್ಥಾನ. ಒಂದನೆಯದು ಲಂಡನ್. ಇಷ್ಟೊಂದು ಗುಂಡಿ ತೋಡಿಯೂ ಮೊದಲ ಬಹುಮಾನ ಅವರ ಪಾಲಾಯಿತು ನೋಡಿ.

ಇನ್ನು ನೀರಿನ ಕಥೆ. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಅಲ್ಲಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಆ ಹಳ್ಳಿಗಳಲ್ಲಿ ಹೊಲ ಹೋಗಿ ಗಾಜಿನ ಕಟ್ಟಡ ಎದ್ದಿತ್ತು, ಬೋರ್‌ವೆಲ್ ಬತ್ತಿತ್ತು. ನಡುವೆ 2024ರ ಮಾರ್ಚಿನಲ್ಲಿ ಬರ ಬಂದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಟಿತು. ನ್ಯಾಯವೇ. 2022ರಲ್ಲಿ ಕಾರುಗಳು ಒಳಗಿನಿಂದಲೇ ತೊಳೆದುಹೋಗಿದ್ದವಲ್ಲ!

ಐದನೇ ಹಂತ ಬಂದಮೇಲೂ ಯಾಕೋ ಟ್ಯಾಂಕರ್ ಅಂತ ಕೇಳಿದೆ. "ಕನೆಕ್ಷನ್ ದುಡ್ಡು ಫ್ಲ್ಯಾಟಿಗಿಷ್ಟು ಅಂತ ಹಾಕೋದಾ, ಚದರಡಿ ಲೆಕ್ಕನಾ ಅಂತ ಮೀಟಿಂಗ್ ನಡೀತಿದೆ ಮಾವ" ಅಂದ. ನೂರು ಕಿ.ಮೀ. ದೂರದಿಂದ ಬೆಟ್ಟ ಹತ್ತಿಸಿ ತಂದ ಕಾವೇರಿ ಗೇಟಿನ ಹೊರಗೆ ಕಾಯುತ್ತಾ ನಿಂತಿದ್ದಾಳೆ. ಒಳಗೆ ಒಮ್ಮತ ಇಲ್ಲ.

ಬೆಳಗಿನ ಜಾವ ಐದಕ್ಕೆ ಟ್ಯಾಂಕರ್ ಬಂತು. ಅಣ್ಣ ಇಳಿದು, ಸಂಪಿನ ಮುಚ್ಚಳ ತೆಗೆದು, ಪೈಪು ಬಿಟ್ಟು, ಮೊದಲು ದುಡ್ಡು ಅಂದರು. ಹುಡುಗ ಫೋನಿನಲ್ಲಿ ಸ್ಕ್ಯಾನ್ ಮಾಡಿದ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಬ್ಯಾಂಕಿನ ಸರ್ವರ್ ಡೌನ್.

"ಪರವಾಗಿಲ್ಲ ಸಾರ್, ನಿಧಾನಕ್ಕೆ ಮಾಡಿ" ಅಂತ ಹೇಳಿ ಅಣ್ಣ ವಾಲ್ವ್ ಮೇಲೆ ಕೈಯಿಟ್ಟುಕೊಂಡು ನಿಂತರು, ತಿರುಗಿಸಲಿಲ್ಲ.