‘ಈ ಸಂತತಿ’ ಎಂದರೆ ಯಾರ ಸಂತತಿ, ಸ್ವಾಮಿ?

ನಿನ್ನೆ ರಾತ್ರಿ ಹತ್ತೂವರೆಗೆ ದೊಡ್ಡಮ್ಮನ ಫೋನು ಬಂತು. ಎಪ್ಪತ್ತೆಂಟು ದಾಟಿದವರು ಆ ಹೊತ್ತಿಗೆ ಫೋನು ಮಾಡಿದರೆ ಎದೆ ಧಸಕ್ಕೆನ್ನುತ್ತದೆ. “ಮಾರಾಯ, ಕಣ್ಣಿನ ಪೊರೆಯ ಆಪರೇಷನ್ ಮಾಡಿಸಬೇಕೋ ಬಿಡಬೇಕೋ? ಇನ್ನು ಹೆಚ್ಚು ದಿನ ಇಲ್ಲವಂತೆ.” ಡಾಕ್ಟರು ಏನಾದರೂ ಹೇಳಿದರೇ ಎಂದು ನಾನು ಗಾಬರಿಯಿಂದ ಕೇಳಿದರೆ, “ನನಗಲ್ಲ, ಲೋಕಕ್ಕೆ” ಎಂದರು.

ಮೂರು ದಿನಗಳಿಂದ ನಮ್ಮೂರ ಮೈದಾನದಲ್ಲಿ ಕ್ರೈಸ್ತರ ಕನ್ವೆನ್ಷನ್ ಕೂಟ ನಡೆದಿತ್ತು. ಹೊರಗಿನಿಂದ ಬಂದ ಪ್ರಸಂಗಿ. ಕೊನೆಯ ದಿನ ದೊಡ್ಡಮ್ಮನನ್ನು ಕರೆದುಕೊಂಡು ಹೋದವನು ನಾನೇ, ಆದ್ದರಿಂದ ತಪ್ಪು ನನ್ನದೂ ಇದೆ. ದೊಡ್ಡ ಪರದೆಯ ಮೇಲೆ ಒಂದು ನಕ್ಷೆ. ಬೈಬಲಿನ ದಾನಿಯೇಲನು ಅರ್ಥ ಹೇಳಿದ ಕನಸಿನ ಪ್ರತಿಮೆಯ ಕಾಲ್ಬೆರಳುಗಳಿಂದ ಹೊರಟ ಬಾಣದ ಗುರುತುಗಳು ಈ ವಾರದ ಯುದ್ಧದ ಸುದ್ದಿಗೆ ಬಂದು ಮುಟ್ಟುತ್ತಿದ್ದವು. ಭೂಕಂಪ, ಬರ, ರೋಗ, ಎಲ್ಲದಕ್ಕೂ ಒಂದೊಂದು ಫೋಟೊ. ಆಮೇಲೆ ಮೃಗದ ಗುರುತು, ಅಂದರೆ ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ದುಷ್ಟ ಮೃಗವೊಂದು ಜನರ ಕೈಗೋ ಹಣೆಗೋ ಹಾಕಿಸುವ ಮುದ್ರೆ. ನನ್ನ ಆಯುಷ್ಯದಲ್ಲಿ ಈ ಗುರುತು ಎಷ್ಟು ಅವತಾರ ತಾಳಿದೆ ನೋಡಿ: ಮೊದಲು ಸೋಪಿನ ಪೊಟ್ಟಣದ ಬಾರ್‌ಕೋಡ್, ಆಮೇಲೆ ಕ್ರೆಡಿಟ್ ಕಾರ್ಡ್, ಆಮೇಲೆ ಆಧಾರ್, ಆಮೇಲೆ ಲಸಿಕೆ. ನಿನ್ನೆ ಕ್ಯೂಆರ್ ಕೋಡಿನ ಸರದಿ. ಪೆಂಡಾಲಿನ ಬಾಗಿಲಲ್ಲಿ ಕಾಣಿಕೆ ಡಬ್ಬಿಗೆ ಅದನ್ನೇ ಅಂಟಿಸಿದ್ದರು. ಮೃಗದ ಗುರುತಿಗೂ ರಸೀದಿ ಸಿಗುತ್ತಿತ್ತು.

ನಗಾಡಿಬಿಡಬಹುದಿತ್ತು. ಆದರೆ ನನ್ನ ಸಿಟ್ಟು ಬೇರೆ ಕಡೆಗಿದೆ. ಲೋಕದ ಅಂತ್ಯದ ಗುರುತುಗಳೆಂದುಕೊಂಡು ಎರಡು ಗಂಟೆ ಕಾಲ ಮತ್ತಾಯನ ಸುವಾರ್ತೆಯ ಇಪ್ಪತ್ತನಾಲ್ಕನೆಯ ಅಧ್ಯಾಯದ ಮೇಲೆ ಮಾತಾಡಿದ ಆ ಮನುಷ್ಯ ಒಂದೇ ಒಂದು ಸಲ, ಒಂದೇ ಒಂದು ಸಲವಾದರೂ, ಕ್ರಿ.ಶ. 70 ಎಂಬ ಇಸವಿಯನ್ನು ಬಾಯಲ್ಲಿ ಎತ್ತಲಿಲ್ಲ.

ಅಧ್ಯಾಯ ಹೇಗೆ ಶುರುವಾಗುತ್ತದೆ? ಶಿಷ್ಯರು ಯೆರೂಸಲೇಮಿನ ದೇವಾಲಯದ ಕಟ್ಟಡಗಳನ್ನು ತೋರಿಸುತ್ತಾರೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಹೇಳುತ್ತಾನೆ. ಅದು ಯಾವಾಗ ಎಂದು ಅವರು ಎಣ್ಣೇಮರಗಳ ಗುಡ್ಡದ ಮೇಲೆ ಕೇಳುತ್ತಾರೆ. ಅಂದರೆ ಮಾತು ಹುಟ್ಟಿದ್ದೇ ಎದುರಿಗಿದ್ದ ಒಂದು ಕಟ್ಟಡದಿಂದ. ಆ ಕಟ್ಟಡ ಸುಮಾರು ನಲವತ್ತು ವರ್ಷದಲ್ಲಿ ಸುಟ್ಟು ಹೋಯಿತು. 66ರಲ್ಲಿ ಯೆಹೂದ್ಯರು ರೋಮಿನ ವಿರುದ್ಧ ಎದ್ದರು. 70ರಲ್ಲಿ ರೋಮನ್ ಸೇನಾಪತಿ ಟೈಟಸ್‌ನ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿತು. ಯೆಹೂದ್ಯರ ಪಸ್ಕಹಬ್ಬಕ್ಕೆ ಬಂದ ಜನರಿಂದ ಊರು ತುಂಬಿತ್ತು. ಒಳಗಿನ ಪಂಗಡಗಳು ಒಂದನ್ನೊಂದು ಕೊಲ್ಲುತ್ತಾ ಕಾಳಿನ ಉಗ್ರಾಣಗಳಿಗೇ ಬೆಂಕಿ ಹಚ್ಚಿದವು. ಹಸಿವು ತಾಳದೆ ಹೊರಗೆ ನುಸುಳಿದವರನ್ನು ಹಿಡಿದು ದಿನಕ್ಕೆ ಐನೂರರಂತೆ ಶಿಲುಬೆಗೆ ಹಾಕಿದರೆಂದು, ರೋಮನ್ನರ ಪಾಳೆಯದಲ್ಲೇ ಇದ್ದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹಸಿವಿನಲ್ಲಿ ಕೂಸನ್ನೇ ಕೊಂದು ತಿಂದ ಮರಿಯಳೆಂಬ ತಾಯಿಯ ಕತೆಯನ್ನೂ ಬರೆದಿದ್ದಾನೆ. ಸತ್ತವರು ಹನ್ನೊಂದು ಲಕ್ಷ ಎನ್ನುವ ಅವನ ಲೆಕ್ಕವನ್ನು ಇತಿಹಾಸಕಾರರು ನಂಬುವುದಿಲ್ಲ. ಅದರ ಕಾಲು ಭಾಗವೇ ಇರಲಿ, ಸಾಲದೇ? ಸೂರೆಹೊಡೆದ ಏಳು ಕವಲಿನ ದೀಪಸ್ತಂಭವನ್ನು ಹೊತ್ತು ನಡೆಯುವ ಸೈನಿಕರನ್ನು ರೋಮಿನಲ್ಲಿ ಟೈಟಸ್‌ನ ವಿಜಯ ಕಮಾನಿನ ಮೇಲೆ ಕಲ್ಲಿನಲ್ಲೇ ಕೆತ್ತಿದ್ದಾರೆ. ಇವತ್ತಿಗೂ ಹೋಗಿ ನೋಡಬಹುದು.

ಇದು ಭಾನುವಾರ ಶಾಲೆಯಲ್ಲಿ ನಮಗೆ ಯಾರಾದರೂ ಹೇಳಿದ್ದರೇ? ನನಗಂತೂ ಹೇಳಲಿಲ್ಲ. ನಾನು ಈ ಇಸವಿಯನ್ನು ಮೊದಲು ಕಂಡದ್ದು ನಲವತ್ತು ದಾಟಿದ ಮೇಲೆ, ಲೈಬ್ರರಿಯಲ್ಲಿ ಬೇರೇನೋ ಹುಡುಕುವಾಗ. ಆವತ್ತು ನನಗೆ ಬಂದದ್ದು ಜ್ಞಾನೋದಯವಲ್ಲ, ಮೋಸಹೋದ ಭಾವನೆ.

ಅದೇ ಅಧ್ಯಾಯದ ಮೂವತ್ತನಾಲ್ಕನೆಯ ವಚನ: “ಇದೆಲ್ಲಾ ಆಗುವ ತನಕ ಈ ಸಂತತಿಯು ಅಳಿದುಹೋಗುವದೇ ಇಲ್ಲ.” ನಮ್ಮ ಹಳೆಯ ಸತ್ಯವೇದದ ಅನುವಾದಕರು ‘ಸಂತತಿ’ ಎಂಬ ಪದ ಹಾಕಿ ನನಗೆ ದೊಡ್ಡ ತಲೆನೋವು ತಂದಿಟ್ಟಿದ್ದಾರೆ. ಕನ್ನಡದಲ್ಲಿ ಸಂತತಿ ಎಂದರೆ ವಂಶವೂ ಆಗುತ್ತದೆ. ಹಾಗಾಗಿ ಪ್ರಸಂಗಿಗೆ ಸುಲಭ: “ಯೆಹೂದ್ಯ ಸಂತತಿ ಅಳಿಯುವುದಿಲ್ಲ ಎಂದು ಅರ್ಥ, ಆಮೆನ್!” ಮೂಲದಲ್ಲಿರುವ ಗ್ರೀಕ್ ಪದ ‘ಗೆನೆಯಾ’. ಅಬ್ರಹಾಮನಿಂದ ದಾವೀದನ ತನಕ ಹದಿನಾಲ್ಕು ಎಂದು ಮತ್ತಾಯನು ಮೊದಲ ಅಧ್ಯಾಯದಲ್ಲಿ ಎಣಿಸುವಾಗ ಬಳಸುವುದು ಅದೇ ಪದ. ಅಲ್ಲಿ ಅದು ವಂಶವಲ್ಲ, ತಲೆಮಾರು. ಹದಿನಾಲ್ಕು ವಂಶಗಳು ಎಂದು ಯಾರೂ ಓದುವುದಿಲ್ಲ.

ತಮಾಷೆ ಇರುವುದು ಮುಂದೆ. ಇದೇ ಪ್ರಸಂಗಿ ಅದೇ ಅಧ್ಯಾಯದ ಅಂಜೂರದ ಮರದ ದೃಷ್ಟಾಂತಕ್ಕೆ ಬಂದಾಗ, ಅಂಜೂರ ಚಿಗುರಿದ್ದು ಎಂದರೆ 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ್ದು, ಅದನ್ನು ಕಂಡ ‘ಸಂತತಿ’ ಅಳಿಯುವುದರೊಳಗೆ ಕರ್ತನು ಬರುತ್ತಾನೆ ಎಂದರು. ಇಲ್ಲಿ ಸಂತತಿ ಎಂದರೆ ತಲೆಮಾರು! ಶಿಷ್ಯರ ಪಾಲಿಗೆ ಎರಡು ಸಾವಿರ ವರ್ಷ ಎಳೆದ ಪದ ನಮ್ಮ ಪಾಲಿಗೆ ಬಂದಾಗ ನಲವತ್ತು ವರ್ಷಕ್ಕೆ ಕುಗ್ಗುತ್ತದೆ. ನಲವತ್ತು ವರ್ಷ 1988ಕ್ಕೆ ಮುಗಿಯಿತು. ಆಗ ಕೀರ್ತನೆ ತೊಂಬತ್ತನ್ನು ತೆಗೆದು, ಮನುಷ್ಯನ ಆಯುಷ್ಯ ಎಪ್ಪತ್ತು, ಬಲ ಹೆಚ್ಚಿದರೆ ಎಂಬತ್ತು ಎಂದರು. ಎಪ್ಪತ್ತು 2018ಕ್ಕೆ ಮುಗಿಯಿತು. ಈಗ ಎಂಬತ್ತರ ಲೆಕ್ಕ, 2028. ಜವಳಿ ಅಂಗಡಿಯವನು ಗಜದ ಕೋಲನ್ನು ಹೀಗೆ ಹಿಗ್ಗಿಸಿ ಕುಗ್ಗಿಸಿದರೆ ನಾವು ಅಂಗಡಿ ಬಿಟ್ಟು ಏಳುತ್ತೇವೆ.

1988 ಎಂದೆನಲ್ಲ. ಅದರ ಬಗ್ಗೆ ಒಂದು ತಪ್ಪೊಪ್ಪಿಗೆ ಇದೆ. ಹಳೆಯ ಸ್ನೇಹಿತರಿಗೆ ಗೊತ್ತು, ಹೊಸಬರು ನಗಬೇಡಿ. ಆ ವರ್ಷ ಪಿಯುಸಿ ಗಣಿತದಲ್ಲಿ ನಾನು ಫೇಲು. ಪೂರಕ ಪರೀಕ್ಷೆಗೆ ಕೂರಬೇಕು. ಆಗ ಅಮೆರಿಕದ ಎಡ್ಗರ್ ವಿಸೆನಂಟ್ ಎಂಬ ಮಾಜಿ ನಾಸಾ ಎಂಜಿನಿಯರ್, ಸೆಪ್ಟೆಂಬರ್ 11ರಿಂದ 13ರೊಳಗೆ ವಿಶ್ವಾಸಿಗಳು ಮೇಲಕ್ಕೆ ಒಯ್ಯಲ್ಪಡುತ್ತಾರೆಂದು ಎಂಬತ್ತೆಂಟು ಕಾರಣ ಕೊಟ್ಟಿದ್ದ. ಅದರ ಸಾರಾಂಶದ ಸೈಕ್ಲೋಸ್ಟೈಲ್ ಹಾಳೆ ನನ್ನ ಕೈಗೂ ಬಂತು. ಎಂಬತ್ತೆಂಟು ಕಾರಣ! ಗಣಿತದ ಪುಸ್ತಕ ಮುಚ್ಚಿಡಲು ನನಗೆ ಒಂದೇ ಸಾಕಿತ್ತು. ಮಹಡಿಯ ಮೇಲೆ ಮೂರು ರಾತ್ರಿ ಮಲಗಿದೆ. ಕ್ರಿಸ್ತನ ಎರಡನೆಯ ಬರೋಣ ಆಗಲಿಲ್ಲ. ಪೂರಕ ಪರೀಕ್ಷೆ ಬಂತು. ಮತ್ತೆ ಫೇಲಾದಾಗ ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಊಟಕ್ಕೆ ಕೂತಾಗ ಪೌಲನು ಥೆಸಲೊನೀಕದವರಿಗೆ ಬರೆದ ಮಾತನ್ನು ಓದಿದರು: “ಕೆಲಸಮಾಡಲೊಲ್ಲದವನು ಊಟಮಾಡಬಾರದು.” ಆಮೇಲೆ ಅಮ್ಮನಿಗೆ, ಇವನಿಗೆ ಅನ್ನ ಬಡಿಸು ಎಂದರು. ಆ ಅನ್ನ ಇನ್ನೂ ಗಂಟಲಲ್ಲಿದೆ.

ಸಂದೇಶಗಳಲ್ಲಿ ಕೆಲವರು ಈಗಾಗಲೇ ಕೇಳಿದ್ದಾರೆ: ಹಾಗಾದರೆ ನೀವು ಎರಡನೆಯ ಬರೋಣವನ್ನೇ ನಂಬುವುದಿಲ್ಲವೇ? ಮೇಘಗಳ ಮೇಲೆ ಬರುವುದು, ಸೂರ್ಯ ಕಪ್ಪಾಗುವುದು 70ರಲ್ಲಿ ಆಯಿತೇ?

ಸ್ವಾಮಿ, ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನನ್ನೂ ಸ್ವಲ್ಪ ಓದಿ. ಹದಿಮೂರನೆಯ ಅಧ್ಯಾಯದಲ್ಲಿ ಬಾಬೆಲ್ ಬೀಳುವಾಗ ನಕ್ಷತ್ರಗಳು ಬೆಳಗುವುದಿಲ್ಲ, ಸೂರ್ಯ ಮಂಕಾಗುತ್ತಾನೆ. ಹತ್ತೊಂಬತ್ತರಲ್ಲಿ ಯೆಹೋವನು ವೇಗವಾದ ಮೇಘವನ್ನೇರಿ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಬರುತ್ತಾನೆ. ಆಗ ಯಾರೂ ಆಕಾಶಕ್ಕೆ ದುರ್ಬೀನು ಹಿಡಿಯಲಿಲ್ಲ. ರಾಜ್ಯ ಬೀಳುವುದನ್ನು ಪ್ರವಾದಿಗಳು ಹೇಳುತ್ತಿದ್ದ ಭಾಷೆಯೇ ಅದು. ನಮ್ಮಲ್ಲಿ “ಆಕಾಶವೇ ಕಳಚಿ ಬಿತ್ತು” ಎಂದರೆ ತಲೆಗೆ ಹೆಲ್ಮೆಟ್ ಹಾಕಿಕೊಳ್ಳುತ್ತೇವೆಯೇ? ಇನ್ನೊಂದು ಸುವಾರ್ತೆ ಬರೆದ ಲೂಕನಂತೂ ಬಿಡಿಸಿಯೇ ಬರೆದಿದ್ದಾನೆ: ಯೆರೂಸಲೇಮಿಗೆ ದಂಡು ಮುತ್ತಿಗೆ ಹಾಕುವುದನ್ನು ಕಂಡಾಗ ಬೆಟ್ಟಗಳಿಗೆ ಓಡಿರಿ. ಹಾಗೆ ಓಡಿಹೋದ ಕ್ರೈಸ್ತರು ಯೊರ್ದನಿನ ಆಚೆ ಪೆಲ್ಲಾ ಊರು ಸೇರಿದರೆಂದು ನಾಲ್ಕನೆಯ ಶತಮಾನದಲ್ಲಿ ಸಭೆಯ ಇತಿಹಾಸ ಬರೆದ ಯುಸೇಬಿಯಸ್ ಹೇಳುತ್ತಾನೆ. ಜೀವ ಉಳಿಸಿಕೊಳ್ಳಲು ಕೊಟ್ಟ ಎಚ್ಚರಿಕೆಯನ್ನು ನಾವು ಎರಡು ಸಾವಿರ ವರ್ಷದ ನಂತರ ಸಿನಿಮಾ ಮಾಡಿಕೊಂಡಿದ್ದೇವೆ.

ಯೋಹಾನನ ದರ್ಶನಗಳಿರುವ ಪ್ರಕಟನೆ ಪುಸ್ತಕದ ವಿಷಯಕ್ಕೆ ಬಂದರೆ ನನ್ನ ಕಾಲೂ ಸ್ವಲ್ಪ ಜಾರುತ್ತದೆ, ಒಪ್ಪುತ್ತೇನೆ. “ಬೇಗನೆ ಸಂಭವಿಸತಕ್ಕವು” ಎಂದು ಮೊದಲ ವಚನದಲ್ಲೇ ಇದೆ. ರೋಮಿನ ಚಕ್ರವರ್ತಿ ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು, ಒಂದೊಂದು ಅಕ್ಷರಕ್ಕಿರುವ ಸಂಖ್ಯೆಯನ್ನು ಕೂಡಿದರೆ ಮೃಗದ ಸಂಖ್ಯೆ 666 ಆಗುತ್ತದೆ; ಲ್ಯಾಟಿನ್ ಉಚ್ಚಾರದಂತೆ ಒಂದಕ್ಷರ ಬಿಟ್ಟರೆ 616. ಕೆಲವು ಹಳೆಯ ಪ್ರತಿಗಳಲ್ಲಿ ಸಂಖ್ಯೆ 616 ಎಂದೇ ಇದೆ. ಇಷ್ಟೆಲ್ಲ ಚೆನ್ನಾಗಿ ಕೂತುಕೊಳ್ಳುವಾಗ ಎರಡನೆಯ ಶತಮಾನದ ಸಭಾಪಿತ ಐರೇನಿಯಸ್ ಬಂದು, ಯೋಹಾನನ ದರ್ಶನ ಚಕ್ರವರ್ತಿ ಡೊಮಿಷಿಯನ್ ಆಳ್ವಿಕೆಯ ಕೊನೆಗೆ ಆದದ್ದು ಎನ್ನುತ್ತಾನೆ. ಅಂದರೆ ಸುಮಾರು 95. ಆಗಿಹೋದದ್ದನ್ನು ಮುಂದೆ ಆಗುವುದು ಎನ್ನಲಾದೀತೇ? ವಿದ್ವಾಂಸರಲ್ಲಿ ಹೆಚ್ಚಿನವರು ಐರೇನಿಯಸ್‌ನ ಕಡೆಗಿದ್ದಾರೆ. ನಾನು ಬೇಲಿಯ ಮೇಲೆ ಕೂತಿದ್ದೇನೆ, ಮುಳ್ಳು ಚುಚ್ಚುತ್ತಿದೆ.

ಇನ್ನೊಂದು ಸ್ವಾರಸ್ಯ. ಪೋಪರೇ ಕ್ರಿಸ್ತವಿರೋಧಿ ಎಂದು ಪ್ರೊಟೆಸ್ಟೆಂಟರು ಸಾರುತ್ತಿದ್ದಾಗ, ಅದರ ವಿರುದ್ಧ ಕಥೋಲಿಕರ ಜೆಸ್ಯೂಟ್ ಸಂಘದ ಇಬ್ಬರು ಸ್ಪ್ಯಾನಿಷ್ ಪಾದ್ರಿಗಳು ಎರಡು ದಾರಿ ಹಿಡಿದರು. ಕ್ರಿಸ್ತವಿರೋಧಿ ಬರುವುದು ಲೋಕದ ಕೊನೆಯಲ್ಲಿ ಎಂದ ರಿಬೇರ. ಪ್ರಕಟನೆಯ ಹೆಚ್ಚಿನದೆಲ್ಲ ಆದಿ ಸಭೆಯ ಕಾಲದಲ್ಲೇ ನೆರವೇರಿತು ಎಂದ ಅಲ್ಕಾಸರ್; ಅವನ ಗ್ರಂಥ 1614ರಲ್ಲಿ ಅಚ್ಚಾಯಿತು. ನಿನ್ನೆ ಪೆಂಡಾಲಿನಲ್ಲಿ ಕಥೋಲಿಕರನ್ನು ಹೀಯಾಳಿಸುತ್ತಲೇ ಪ್ರಸಂಗಿ ಹಿಡಿದದ್ದು ರಿಬೇರನ ದಾರಿ. ನಾನು ಹಿಡಿದಿರುವುದು ಅಲ್ಕಾಸರನ ದಾರಿ. ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ನಿನ ನಮ್ಮ ಮುತ್ತಜ್ಜಂದಿರು ಇಬ್ಬರನ್ನೂ ಸಭೆಯಿಂದ ಹೊರಗೆ ಹಾಕುತ್ತಿದ್ದರು.

ಅವರ ಮನೆಯ ಲೆಕ್ಕವೂ ಸರಿ ಇರಲಿಲ್ಲ ಬಿಡಿ. ನಮ್ಮ ಮಿಷನರಿಗಳಲ್ಲಿ ಅನೇಕರು ಬಂದದ್ದು ಜರ್ಮನಿಯ ವ್ಯೂರ್ಟೆಂಬರ್ಗ್‌ನಿಂದ. ಅಲ್ಲಿನ ದೊಡ್ಡ ವೇದಪಂಡಿತ ಬೆಂಗೆಲ್ 1836ಕ್ಕೆ ಹೊಸ ಯುಗ ಬರುತ್ತದೆಂದು ಹದಿನೆಂಟನೆಯ ಶತಮಾನದಲ್ಲೇ ಲೆಕ್ಕ ಹಾಕಿಟ್ಟಿದ್ದ. ಅದನ್ನು ನಂಬಿ ಜನ ಕಾದಿದ್ದರು. 1836 ಬಂತು. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಬರಲಿಲ್ಲ, ಮಂಗಳೂರಿಗೆ ಮಿಷನರಿ ಮೋಗ್ಲಿಂಗ್ ಬಂದರು! ಏಳು ವರ್ಷಕ್ಕೆ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. 1865ರಲ್ಲಿ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ನಾಳೆಯೇ ಲೋಕ ಮುಗಿಯುತ್ತದೆ ಎನ್ನುವವನು ನೂರು ಮಳೆಗಾಲ ತಡೆಯುವ ಹೆಂಚು ಸುಡುತ್ತಾನೆಯೇ? ದೊಡ್ಡಮ್ಮನ ಮನೆಯ ಮಾಡಿನ ಮೇಲೆ ಆ ಹೆಂಚುಗಳು ಇನ್ನೂ ಇವೆ. ಅವುಗಳ ಕೆಳಗೆ ಕೂತೇ ಅವರು ನನಗೆ ಲೋಕ ಮುಗಿಯುವ ಸುದ್ದಿ ಹೇಳಿದ್ದು.

ಈಗ ಇನ್ನೊಂದು ತುದಿ. ಡಲ್ಲಾಸ್‌ನಲ್ಲಿರುವ ನನ್ನ ತಮ್ಮನ ಮಗ ಹೋದ ವರ್ಷದಿಂದ ಪೂರ್ಣ ನೆರವೇರಿಕೆಯ ಪಂಥ ಸೇರಿದ್ದಾನೆ. “ದೊಡ್ಡಪ್ಪ, ನೀವು ಅರ್ಧ ದಾರಿಗೆ ನಿಂತಿದ್ದೀರಿ. ಬರೋಣ, ಪುನರುತ್ಥಾನ, ನ್ಯಾಯತೀರ್ಪು ಎಲ್ಲವೂ 70ರಲ್ಲೇ ಮುಗಿದವು” ಎನ್ನುತ್ತಾನೆ. ಅವನ ತರ್ಕದಲ್ಲಿ ಬಿರುಕು ಹುಡುಕುವುದು ಕಷ್ಟ, ಅದೇ ನನಗೆ ಭಯ. “ಹಾಗಾದರೆ ಕರ್ತನ ಭೋಜನವನ್ನು ‘ಆತನು ಬರುವ ತನಕ’ ಎಂದು ಯಾಕೆ ತೆಗೆದುಕೊಳ್ಳುತ್ತೀಯ?” ಎಂದು ಕೇಳಿದೆ. ಅದನ್ನೂ ಯೋಚಿಸುತ್ತಿದ್ದೇನೆ ಎಂದ. ಪುನರುತ್ಥಾನ ಆಗಿಹೋಯಿತು ಎಂದ ಹುಮೆನಾಯ ಮತ್ತು ಫಿಲೇತರನ್ನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಹೆಸರು ಹಿಡಿದು ಬೈದಿರುವುದನ್ನು ನೆನಪಿಸಿದೆ. ಆ ಪತ್ರ 70ಕ್ಕಿಂತ ಮುಂಚಿನದು, ಆಗ ಇನ್ನೂ ಆಗಿರಲಿಲ್ಲ, ಆದ್ದರಿಂದ ಬೈದರು ಎಂದ! ಇವನನ್ನು ಲಾ ಕಾಲೇಜಿಗೆ ಸೇರಿಸಬೇಕಿತ್ತು.

ಕೊನೆಗೆ ವಾದ ಬಿಟ್ಟೆ. ಅವನ ಅಜ್ಜಿಯನ್ನು, ಅಂದರೆ ನನ್ನ ಅಮ್ಮನನ್ನು, ಮಣ್ಣಿಗೆ ಇಳಿಸುವಾಗ ಎಬ್ಬಿಸಲ್ಪಡುವ ನಿರೀಕ್ಷೆಯ ಮಾತುಗಳನ್ನು ಚರ್ಚಿನ ಅಯ್ಯನವರು ಓದುತ್ತಿದ್ದರೆ ನಾನು ಹಿಡಿ ಮಣ್ಣು ಹಾಕಿದವನು. ಆ ಮಾತು ರೋಮನ್ ದಂಡಯಾತ್ರೆಯ ಜೊತೆ ಮುಗಿದುಹೋಯಿತು ಎಂದು ನನ್ನ ಬಾಯಿಂದ ಬರುವುದಿಲ್ಲ. ಇದು ತರ್ಕವಲ್ಲ, ಗೊತ್ತು. ಮತ್ತಾಯ ಇಪ್ಪತ್ತನಾಲ್ಕು ಆಗಿಹೋಗಿದೆ ಎನ್ನುತ್ತೇನೆ. ಅಮ್ಮನ ಸಮಾಧಿಯ ಹತ್ತಿರ ಬಂದಾಗ ಇನ್ನೂ ಆಗಬೇಕಿದೆ ಎನ್ನುತ್ತೇನೆ. ಬೇಕಾದರೆ ಬೈಯಿರಿ.

ಒಬ್ಬ ಕಥೋಲಿಕ ಗೆಳೆಯನ ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾರೆ. 70ರ ಕತೆಯನ್ನು ಕ್ರೈಸ್ತರು ನೂರಾರು ವರ್ಷ ಯೆಹೂದ್ಯರಿಗೆ ಹೊಡೆಯುವ ದೊಣ್ಣೆ ಮಾಡಿಕೊಂಡರು, ನೋಡಿ ನಿಮಗೆ ಆದ ಶಿಕ್ಷೆ ಎಂದು ಕುಣಿದರು. ಯುಸೇಬಿಯಸ್‌ನಲ್ಲೇ ಆ ದನಿ ಇದೆ ಎಂದ. ಹೌದು, ಇದೆ. ಲೂಕನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಆ ಊರನ್ನು ಕಂಡು ಯೇಸು ಅತ್ತನು. ಅತ್ತವನ ಮಾತನ್ನು ಹಿಡಿದುಕೊಂಡು ಕುಣಿದವರು ನಮ್ಮವರೇ. ಆದರೆ ಅದಕ್ಕೆ ಮದ್ದು ಆ ಇಸವಿಯನ್ನು ಮುಚ್ಚಿಡುವುದಲ್ಲ. ಇನ್ನೂ ಒಂದು ಭಯಂಕರ ಯುದ್ಧ ಅದೇ ಊರಿನ ಮೇಲೆ ಬರಲಿ, ಆಗಲೇ ನಾವು ಮೇಲೆ ಹಾರುವುದು ಎಂದು ಪೆಂಡಾಲಿನಲ್ಲಿ ಚಪ್ಪಾಳೆ ತಟ್ಟುವುದಂತೂ ಅಲ್ಲವೇ ಅಲ್ಲ. ನಿನ್ನೆ ತಟ್ಟಿದರು. ನಾನು ಕೇಳಿದೆ.

ಭಯ ಹುಟ್ಟಿಸಿದರೆ ಜನ ಪ್ರಾರ್ಥನೆಗಾದರೂ ಬರುತ್ತಾರಲ್ಲ ಎಂದು ಸಭೆಯ ಹಿರಿಯರೊಬ್ಬರು ಇವತ್ತು ಬೆಳಿಗ್ಗೆ ಸಮಾಧಾನ ಹೇಳಿದರು. ಬರುತ್ತಾರೆ. ಪಿಯುಸಿಯಲ್ಲಿ ಫೇಲಾಗಿಯೂ ಬರುತ್ತಾರೆ.

ಸಂಜೆ ದೊಡ್ಡಮ್ಮನ ಮನೆಗೆ ಹೋಗಿ ಸತ್ಯವೇದ ತೆರೆದು ಇಷ್ಟನ್ನೂ ವಿವರಿಸಿದೆ: ದೇವಾಲಯ, ಟೈಟಸ್, ಸಂತತಿ, ತಲೆಮಾರು. ಮುಕ್ಕಾಲು ಗಂಟೆ. ಅವರು ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲ ಕೇಳಿದ ಮೇಲೆ, “ಆಯಿತು ಮಾರಾಯ, ಆಪರೇಷನ್ ಮಾಡಿಸಿಬಿಡುವ. ಆತನು ಬಂದರೆ ಮುಖವಾದರೂ ಸರಿಯಾಗಿ ಕಾಣಬೇಕಲ್ಲ” ಎಂದರು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು. ನನ್ನ ಕಾರು ಗ್ಯಾರೇಜಿನಲ್ಲಿದೆ. ಆ ಕಡೆಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ.